ಅಮಾವಾಸ್ಯೆ ಹುಣ್ಣಿಮೆಯ ಬ್ಯಾಂಡು

ಜೂನ್ 13, ಸೋಮವಾರ

ಇವತ್ತು ಸಂತ ಅಂತೋನಿಯ ಹಬ್ಬ. ಪೂಜೆ ಮುಗಿಸಿ ಬಂದು ಒಳ್ಳೆ ಅಂಗಿ ಬಿಚ್ಚಿಟ್ಟು ಹೊಳೆಯ ಉಪ್ಪುನೀರು ತಡೆಯಲು ಒಡ್ಡು ಕಟ್ಟಿದ ಗಜನಿ ಗದ್ದೆಗೆ ಇಳಿದೆ. ಮಳೆ ಈ ಸಲ ಧಾರಾಳ. ಬೇಸಿಗೆಯ ಉಪ್ಪೆಲ್ಲ ತೊಳೆದು ತೂಬಿನಿಂದ ಹೊಳೆಗೆ ಹೋಗುತ್ತಿದೆ. ರೊಮಾಲ್ದ್ ತಿತಿವ್ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಗದ್ದೆಯ ನೀರು ಬೊಗಸೆಯಲ್ಲೆತ್ತಿ ಬಾಯಿಗೆ ಹಾಕಿಕೊಂಡು ಉಗಿದ. "ಇನ್ನೊಂದು ಜೋರು ಮಳೆ ಬರ್ಲಿ, ಆಮೇಲೆ ಮೊಳಕೆ ಚೆಲ್ಲು ಪುತಾ" ಅಂದ. ಅಪ್ಪನ ತಮ್ಮನಾದರೂ ಅಪ್ಪನಿಗಿಂತ ಗದರು ಜಾಸ್ತಿ. ಅಪ್ಪ ಹೋದ ಮೇಲೆ ಒಡ್ಡಿನ ಕಾವಲು, ತೂಬಿನ ಬೀಗದ ಕೈ ಎರಡೂ ಅವನದೇ.

ಸಂಜೆ ಬ್ಯಾಂಡಿನ ಅಭ್ಯಾಸ. ಬೆಳಿಗ್ಗೆಯಿಂದ ಗುದ್ದಲಿ ಹಿಡಿದ ಕೈಗೆ ಡ್ರಮ್ಮಿನ ಕೋಲು ಕೊಟ್ಟರೆ ಬೆರಳು ಬಿಚ್ಚುವುದೇ ಇಲ್ಲ. ಕೆಸರಲ್ಲಿ ನಿಂತು ನಿಂತು ಜೋಮು ಹಿಡಿದ ಕಾಲು ಪೆಡಲ್ ತುಳಿಯುವಾಗ ಯಾರದೋ ಕಾಲು. ಮಳೆಗೆ ಡ್ರಮ್ಮಿನ ಚರ್ಮವೂ ಸೊರಗಿದೆ. ಒಲೆಯ ಹತ್ತಿರ ಇಟ್ಟು ಕಾಯಿಸಿದೆ. ಕ್ರಿಸ್ತಾಲಿನ್ ಸಾರು ಕುದಿಸುತ್ತಾ ಹೇಳಿದಳು: "ಗುದ್ದಲಿ ಬ್ಯಾಂಡಿಗೆ ಒಯ್ಯಿ, ಕೋಲು ಗದ್ದೆಗೆ ಒಯ್ಯಿ. ಎರಡು ಕಡೆನೂ ಅರ್ಧರ್ಧ ಕೆಲಸ ಆಗೋದು ಹೇಗೂ ಇದ್ದದ್ದೇ." ನನ್ನ ಹೆಂಡತಿಯ ಬಾಯಿ.

ಈ ವಹಿ ಕೊಟ್ಟಿದ್ದು ವೆನಾಂಸ್. ತುತ್ತೂರಿ ಊದುವವನು ಅವನೇ, ಬ್ಯಾಂಡಿನ ಯಜಮಾನನೂ ಅವನೇ. ಎಲ್ಲಿ ಏನು ಬಾರಿಸಿದೆವು ಬರೆದಿಡು ಅಂದ. ಮಳೆಗಾಲದಲ್ಲಿ ಯಾರು ಬ್ಯಾಂಡು ಕರೆಯುತ್ತಾರೆ? ಅದಕ್ಕೆ ಇದನ್ನೇ ಬರೆಯುತ್ತಿದ್ದೇನೆ.

ಜೂನ್ 15, ಬುಧವಾರ

ನಿನ್ನೆ ಅಮಾವಾಸ್ಯೆಯ ಭರತ, ಸಮುದ್ರದ ನೀರು ಹೊಳೆಗೆ ಏರುವ ದಿನ. ಒಡ್ಡಿನ ತಲೆಗೆ ಒಂದು ಮೊಳ ಬಾಕಿ ಇಟ್ಟು ನೀರು ನಿಂತಿತು. ನಾನು, ತಿತಿವ್, ವೆನಾಂಸ್, ಸ್ಯಾಕ್ಸೊಫೋನಿನ ಪ್ರುದೆಂತ್ ಬುಟ್ಟಿ ಹಿಡಿದು ಉದ್ದಕ್ಕೂ ನಡೆದೆವು. ಬ್ಯಾಂಡಿನವರೆಲ್ಲ ಗಜನಿಯವರೇ ಆದ್ದರಿಂದ ಒಡ್ಡಿನ ಮೇಲೂ ಅದೇ ಮೇಳ. ಏಡಿ ಬಿಲದಿಂದ ನೀರು ಒಳಗೆ ನುಗ್ಗುವಾಗ ಗುಳುಗುಳು ಸದ್ದಾಗುತ್ತದೆ. ಸದ್ದು ಬಂದಲ್ಲಿ ಹುಲ್ಲು ತುರುಕಿ, ಜೇಡಿ ಮೆತ್ತಿ ತುಳಿಯಬೇಕು. ವೆನಾಂಸ್ ಬಾಯಲ್ಲೇ ತುತ್ತೂರಿ ಊದಿದ, ನಾನು ಬುಟ್ಟಿ ಬಾರಿಸಿದೆ.

"ಕುಣಿಯೋದಾದ್ರೆ ಬಿಲದ ಮೇಲೇ ಕುಣೀರೋ ಕತ್ತೆಗಳಾ, ಮಣ್ಣಾದ್ರೂ ಗಟ್ಟಿಯಾಗ್ಲಿ!" ಅಂದ ತಿತಿವ್.

ಕುಣಿದೆವು. ಅವನೂ ಎರಡು ಹೆಜ್ಜೆ ಹಾಕಿದ, ಯಾರೂ ನೋಡಲಿಲ್ಲ ಅಂದುಕೊಂಡು.

ಜೂನ್ 29, ಬುಧವಾರ

ಸಂತ ಪೇದ್ರುವಿನ ಹೊಳೆಹಬ್ಬ. ಎರಡು ದೋಣಿ ಜೋಡಿಸಿ ಕಟ್ಟಿದ ಮಂಟಪದ ಮೇಲೆ ನಮ್ಮ ಬ್ಯಾಂಡು. ದೋಣಿ ಓಲಾಡಿದಾಗ ಸಿಂಬಲ್ಲು ತಾನಾಗಿ ಬಡಿದುಕೊಳ್ಳುತ್ತಿತ್ತು, ದಡದ ಮೇಲೆ ಹೆಂಗಸರು ನಗುತ್ತಿದ್ದರು. ಇಂಥ ದಿನ ಅನ್ನಿಸುವುದುಂಟು, ವರ್ಷವಿಡೀ ಬರೇ ಡ್ರಮ್ಮು ಬಾರಿಸಿಕೊಂಡು ಇರುವಂತಿದ್ದರೆ?

ಹಬ್ಬಕ್ಕೆ ಆ ತೆಲೆಸ್ಫೊರ್ ಬಂದಿದ್ದ. ಅದಿರಿನ ಲಾರಿ ಓಡಿಸಿ ದೊಡ್ಡವನಾದವನು. ನಮ್ಮೂರವನಲ್ಲ. ಈ ವರ್ಷ ತೂಬಿನಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಹಿಡಿದಿದ್ದಾನೆ. ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದ. "ಇಂಥ ಕೈಯನ್ನ ಕೆಸರಲ್ಲಿ ಹೂತಿಟ್ಟಿದ್ದೀಯಲ್ಲೋ" ಅಂದ. ಅಷ್ಟು ಜನರ ಎದುರಿಗೆ ಹಾಗೆ ಅಂದದ್ದು ಖುಷಿಯಾಯಿತು.

ಹಬ್ಬದ ಬಟ್ಟೆಯಲ್ಲೇ ಒಡ್ಡಿಗೆ ಹೋದೆವು, ಇವತ್ತೇ ಹುಣ್ಣಿಮೆಯ ಭರತ. ದಾರಿಯಲ್ಲಿ ತಿತಿವ್ ಹೇಳಿದ: "ಅವ ನಿನ್ನ ಕೈ ಹಿಡ್ಕೊಂಡಿದ್ದ ಅಷ್ಟೇ. ನೋಡ್ತಾ ಇದ್ದದ್ದು ತೂಬನ್ನ."

ತಿತಿವ್‌ಗೆ ಹೊರಗಿನವರು ಯಾರೂ ಆಗುವುದಿಲ್ಲ.

ಜುಲೈ 9, ಶನಿವಾರ

ಪೈರು ಎದ್ದಿದೆ, ಕಳೆಯೂ ಎದ್ದಿದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ವೆನಾಂಸ್ ಬದುವಿನ ಮೇಲೆ ಓಡಿಬಂದ. ತೆಲೆಸ್ಫೊರ್ ಬ್ಯಾಂಡು ಗೊತ್ತುಮಾಡಿದ್ದಾನಂತೆ, ಹದಿಮೂರಕ್ಕೆ, ಫೆರಿ ದಾಟಿ ಆಚೆ ಒಂದು ಸಭಾಗೃಹದಲ್ಲಿ. ಡ್ಯಾನ್ಸು.

"ಬುಧವಾರ ಯಾರು ಡ್ಯಾನ್ಸ್ ಇಡ್ತಾರೆ?" ಅಂದಳು ಕ್ರಿಸ್ತಾಲಿನ್, ಕಳೆ ಕೀಳುವುದು ನಿಲ್ಲಿಸದೆ.

"ಅವನಿಗೆ ಬೇಕಾದಾಗ ಇಡ್ತಾನೆ ಅತ್ತಿಗೆ. ನಮಗೇನು?" ಅಂದ ವೆನಾಂಸ್.

"ಅವತ್ತು ಅಮಾವಾಸ್ಯೆ."

"ಡ್ಯಾನ್ಸು ಹಾಲಿನೊಳಗೆ. ಅಲ್ಲಿ ದೀಪ ಇರುತ್ತೆ."

ಎಲ್ಲರೂ ನಕ್ಕೆವು. ಅವಳೂ ನಕ್ಕಳು ಅಂತ ನೆನಪು.

ಜುಲೈ 14, ಗುರುವಾರ

ಹಾಲಿನಲ್ಲಿ ಜನವೇ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಕುರ್ಚಿಗಳು, ತೆಲೆಸ್ಫೊರನ ಲಾರಿ ಚಾಲಕರು, ಅವರ ಜೊತೆ ಒಂದಿಬ್ಬರು ಹೆಂಗಸರು. ಒಬ್ಬ ಕುರ್ಚಿಯಲ್ಲೇ ನಿದ್ದೆ ಹೋದ. ಆದರೂ ಮುಂಜಾವದವರೆಗೆ ಬಾರಿಸಿ ಅಂತ ತೆಲೆಸ್ಫೊರ್ ಹೇಳಿಕಳಿಸಿದ್ದ, ಬಾರಿಸಿದೆವು. ಖಾಲಿ ಹಾಲಿನಲ್ಲಿ ಡ್ರಮ್ಮಿನ ಸದ್ದು ಗೋಡೆಗೆ ಬಡಿದು ತಿರುಗಿ ನನ್ನ ಬೆನ್ನಿಗೇ ಬರುತ್ತಿತ್ತು. ಮೊದಮೊದಲು ಯಾರೋ ಹಿಂದೆ ನಿಂತು ಇನ್ನೊಂದು ಡ್ರಮ್ಮು ಬಾರಿಸಿದ ಹಾಗಾಗಿ ತಿರುಗಿ ತಿರುಗಿ ನೋಡಿದೆ. ಆಮೇಲೆ ರೂಢಿಯಾಯಿತು.

ಪೂರ್ತಿ ದುಡ್ಡು ಕೊಟ್ಟ. ಒಂದು ಮಾತು ಚೌಕಾಸಿ ಇಲ್ಲ.

ತಿತಿವ್ ಒಬ್ಬನೇ ಒಡ್ಡು ಸುತ್ತಿದ್ದಾನೆ. "ಹೇಗಿತ್ತು ನಿನ್ನ ಡ್ಯಾನ್ಸು?" ಅಂತ ಕೇಳಿದ. ಚೆನ್ನಾಗಿತ್ತು ಅಂದೆ.

ಜುಲೈ 31, ಭಾನುವಾರ

ಮೊನ್ನೆ ಮತ್ತೆ ಅದೇ ಸಭಾಗೃಹ. ಈ ಸಲ ಸ್ವಲ್ಪ ಜನ ಇದ್ದರು. ಪ್ರುದೆಂತ್‌ಗೆ ಜ್ವರ, ಆದರೂ ಬಂದ. ಬಿಟ್ಟರೆ ಮುಂದಿನ ಸಲ ಕರೆಯುವುದಿಲ್ಲವೇನೋ ಅಂತ ಅವನ ಹೆದರಿಕೆ.

ನಿನ್ನೆ ಇಡೀ ದಿನ ಮಲಗಿದ್ದೆ. ಎದ್ದಾಗ ತಿತಿವ್ ಜಗಲಿಯ ಮೇಲೆ ಕೂತಿದ್ದ, ಮೈತುಂಬ ಜೇಡಿ. ಕೈಯಲ್ಲೊಂದು ಮರದ ಬೆಣೆ.

"ತೂಬಿನ ಬಾಗಿಲ ಸಂದಿಗೆ ಇದನ್ನ ತುರುಕಿದ್ರು. ಭರತ ಬಂದ್ರೆ ಬಾಗಿಲು ತಾನಾಗಿ ಮುಚ್ಕೋಬೇಕು, ಮುಚ್ಕೊಳ್ಳದ ಹಾಗೆ ಮಾಡಿದ್ರು. ಉಸಿರು ಕಟ್ಟಿ ಮುಳುಗಿ ಎಳೆದು ತೆಗೆದೆ. ಈ ವಯಸ್ಸಲ್ಲಿ!"

"ಹೊಳೆಯಲ್ಲಿ ತೇಲಿ ಬಂದ ತುಂಡು ಇರಬೇಕು ತಿತಿವ್."

"ತೇಲಿ ಬಂದ ತುಂಡಿಗೆ ಬಾಚಿಯ ಏಟು ಇರುತ್ತಾ?" ಅಂತ ನನ್ನ ಮೂಗಿನ ಕೆಳಗೆ ಹಿಡಿದ. ಹೌದು, ಕೆತ್ತಿದ ಹಾಗೆ ಇತ್ತು. ಬಡಗಿಯ ಅಂಗಳದಿಂದ ಹೊಳೆಗೆ ಬಿದ್ದದ್ದೂ ಇರಬಹುದು.

ಕ್ರಿಸ್ತಾಲಿನ್ ಅವನಿಗೆ ಗಂಜಿ, ಸುಟ್ಟ ಒಣಮೀನು ಬಡಿಸಿದಳು. ಬೆಣೆ ಕೆಳಗಿಡದೆ ಒಂದೇ ಕೈಯಲ್ಲಿ ತಿಂದ. ಮುಂದಿನ ಸಲ ನಾನು ಜೊತೆಗಿರಬೇಕು.

ಆಗಸ್ಟ್ 6, ಶನಿವಾರ

ಡ್ರಮ್ಮು ಬಂತು! ಮುಂಬಯಿಯಿಂದ, ತೆಲೆಸ್ಫೊರ್ ಬಾಬ್ ತಮ್ಮ ಲಾರಿಯಲ್ಲೇ ತರಿಸಿದರು. ಯಾವುದೋ ಹೋಟೆಲಿನ ಬ್ಯಾಂಡಿನವರು ಮಾರಿದ್ದಂತೆ, ಆದರೆ ಗೀರು ಕೂಡ ಇಲ್ಲ. ಮೈಯೆಲ್ಲ ಮುತ್ತಿನ ಚಿಪ್ಪಿನ ಹಾಗೆ ಬಿಳಿ ಹೊಳಪು. ಚರ್ಮ ಅಲ್ಲ, ಪ್ಲಾಸ್ಟಿಕ್ಕಿನ ಹೊದಿಕೆ. ಮಳೆ ಬರಲಿ, ಬಿಸಿಲು ಬರಲಿ, ಸೊರಗುವುದಿಲ್ಲ, ಒಲೆಯ ಹತ್ತಿರ ಇಡುವ ತಾಪತ್ರಯವೇ ಇಲ್ಲ. ದೊಡ್ಡ ಡ್ರಮ್ಮಿನ ಪೆಡಲ್ ಎಷ್ಟು ಹಗುರ ಅಂದರೆ ಕಾಲು ಇಡುವ ಮೊದಲೇ ಬಾರಿಸಿಬಿಡುತ್ತದೆ. ಎರಡು ಸಿಂಬಲ್ಲು. ಒಂದು ಒಡೆದ ಗಾಜಿನ ಹಾಗೆ ಚುರುಕು, ಇನ್ನೊಂದು ಬಾರಿಸಿದ ಮೇಲೆ ಬಹಳ ಹೊತ್ತು ಗುಂಯ್ ಅನ್ನುತ್ತಲೇ ಇರುತ್ತದೆ. ಮಧ್ಯಾಹ್ನದ ಊಟ ಮರೆತು ಬಾರಿಸಿದೆ. ಹಂದಿಗಳು ಗೂಡಿನಲ್ಲಿ ಕಿರುಚಿದವು, ಪಕ್ಕದ ಮನೆಯ ಮುದುಕಿ ಕಿಟಕಿ ಮುಚ್ಚಿದಳು, ನಾನು ನಿಲ್ಲಿಸಲಿಲ್ಲ.

"ಇದು ದಾನ ಅಲ್ಲ ಇಸಿದೋರ್, ನಿನ್ನಂಥವನ ಕೈಗೆ ಸಲ್ಲಬೇಕಾದ್ದು" ಅಂದರು ತೆಲೆಸ್ಫೊರ್ ಬಾಬ್. ನನ್ನನ್ನು ಎಲ್ಲರೂ ಇಸ್ದು ಅನ್ನುತ್ತಾರೆ. ಪೂರ್ತಿ ಹೆಸರು ಹಿಡಿದು ಕರೆದದ್ದು ಪಾದ್ರಿಗಳು ಬಿಟ್ಟರೆ ಇವರೇ.

ಕ್ರಿಸ್ತಾಲಿನ್ ಗದ್ದೆಯಿಂದ ಬಂದವಳು ಕಾಲು ತೊಳೆಯದೆ ಬಾಗಿಲಲ್ಲೇ ನಿಂತು ನೋಡಿದಳು.

"ಚೆನ್ನಾಗಿದೆ. ಎಲ್ಲಿ ಇಡ್ತೀಯ? ಬೀಜದ ಬತ್ತದ ಕಣಜ ಇರೋ ಜಾಗ ಒಂದೇ ಖಾಲಿ ಮಾಡೋಕಾಗೋದು."

ಕಣಜ ದನದ ಕೊಟ್ಟಿಗೆಗೆ ಹೋಯಿತು.

ಆಗಸ್ಟ್ 13, ಶನಿವಾರ

ನಿನ್ನೆಯೂ ಹೊರಗೆ ಬಾರಿಸಲು ಹೋಗಿದ್ದೆವು. ಬಂದು ಮಲಗಿದವನನ್ನು ಕ್ರಿಸ್ತಾಲಿನ್ ಎಬ್ಬಿಸಿದಳು.

"ಒಂದು ಮಾತು ಕೇಳ್ತೀನಿ. ಈ ಮನುಷ್ಯನಿಗೆ ಅಮಾವಾಸ್ಯೆಗೆ, ಹುಣ್ಣಿಮೆಗೆ ಮಾತ್ರ ಯಾಕೆ ಸಂಗೀತ ಬೇಕಾಗುತ್ತೆ?"

"ಕಾಕತಾಳೀಯ."

"ನಾಲ್ಕು ಸಲಾನೂ?"

"ಇನ್ನೂ ಮೂರೇ."

"ಹಾಗಾದ್ರೆ ನೀನೂ ಲೆಕ್ಕ ಇಟ್ಟಿದ್ದೀಯ ಅನ್ನು."

ಸಿಟ್ಟು ಬಂತು. ಡ್ರಮ್ಮು ಬಂದಾಗಿನಿಂದ ಅವಳ ಮುಖ ಹಾಗೇ ಇದೆ. ಒಬ್ಬ ದೊಡ್ಡ ಮನುಷ್ಯ ನಮ್ಮನ್ನು ಮೇಲೆತ್ತಲು ನೋಡಿದರೆ ಸಂಶಯ ಯಾಕೆ? ಮಧ್ಯಾಹ್ನ ವೆನಾಂಸ್‌ನ ಹತ್ತಿರ ಹೋಗಿ ಅದೇ ಮಾತು ಕೇಳಿದೆ, ಅವಳು ಕೇಳಿದಳು ಅಂತ ಹೇಳದೆ. ವೆನಾಂಸ್ ತುತ್ತೂರಿಯ ಗುಂಡಿಗಳಿಗೆ ಎಣ್ಣೆ ಹಾಕುತ್ತಿದ್ದ.

"ಬೆಳದಿಂಗಳಿದ್ರೆ ಜನ ಬರ್ತಾರೆ."

"ಅಮಾವಾಸ್ಯೆಗೆ?"

ಗುಂಡಿ ಒತ್ತಿದ, ಬಿಟ್ಟ, ಒತ್ತಿದ. "ಇಸ್ದೂ, ನಿನಗೆ ಡ್ರಮ್ಮು ಬೇಡ್ವಾದ್ರೆ ಹೇಳು, ಬಾರಿಸೋರು ಬೇರೆ ಸಿಗ್ತಾರೆ."

ಬೇಡ ಅಂತ ನಾನೆಲ್ಲಿ ಹೇಳಿದೆ?

ಆಗಸ್ಟ್ 21, ಭಾನುವಾರ

ತೂಬಿನ ಹತ್ತಿರದ ತುಂಡಿನಲ್ಲಿ ಪೈರು ಕೆಂಪಾಗಿದೆ. ತಿತಿವ್ ನೀರು ಬಾಯಿಗೆ ಹಾಕಿ ಉಗಿದು, ಇನ್ನೊಂದು ಬೊಗಸೆ ಎತ್ತಿ ನನ್ನ ಮುಂದೆ ಹಿಡಿದ. ಕುಡಿದೆ. ಉಪ್ಪು ಇರಬಹುದು. ಇಲ್ಲ ಅನ್ನಲಾರೆ. ಬೆಳಿಗ್ಗೆ ಒಣಮೀನು ತಿಂದಿದ್ದೆ.

ಆಗಸ್ಟ್ 28, ಭಾನುವಾರ

ನಿನ್ನೆ ಹುಣ್ಣಿಮೆ, ಬಾರಿಸಿ ಬಂದದ್ದಾಯಿತು. ಇವತ್ತು ಪೂಜೆಯ ಮೇಲೆ ಗದ್ದೆಯವರ ಸಭೆ. ತೆಲೆಸ್ಫೊರ್ ಬಾಬ್ ತಾವೇ ಬಂದಿದ್ದರು. ಗಜನಿಯನ್ನು ಗೇಣಿಗೆ ಕೊಟ್ಟರೆ ಸಿಗಡಿ ಸಾಕುತ್ತಾರಂತೆ. ಯಾರೂ ಬೆನ್ನು ಬಗ್ಗಿಸಬೇಕಾಗಿಲ್ಲ, ವರ್ಷವರ್ಷ ಮನೆಗೆ ದುಡ್ಡು ಬರುತ್ತದೆ. ಮಾತು ಬಲ್ಲವರು, ಗದ್ದಲವಿಲ್ಲದೆ ಹೇಳಿದರು.

ತಿತಿವ್ ಎದ್ದು ನಿಂತ. "ಉಪ್ಪುನೀರು ಒಂದು ಸಲ ಒಳಗೆ ಕೂತ್ರೆ ನಿಮ್ಮ ಮಕ್ಕಳ ಕಾಲಕ್ಕೂ ಅಲ್ಲಿ ಬತ್ತ ಏಳಲ್ಲ. ಈ ಒಡ್ಡು ಕಟ್ಟಿದೋರು ಯಾರು ಅಂತ ನಮ್ಮ ಅಜ್ಜಂದಿರಿಗೂ ಗೊತ್ತಿರಲಿಲ್ಲ. ನಾವು ಒಡೆಯೋರಾಗ್ಬೇಕಾ?"

"ಒಡೆಯೋ ಮಾತು ಯಾರು ಆಡಿದ್ರು?" ಅಂದರು ಬಾಬ್, ನಗುತ್ತ. "ರೊಮಾಲ್ದ್‌ಗೆ ವಯಸ್ಸಾಯ್ತು. ಒಬ್ಬನೇ ಒಡ್ಡು ಸುತ್ತೋದು, ಕತ್ತಲಲ್ಲಿ ಮುಳುಗೋದು. ನನಗೆ ಅವನದ್ದೇ ಹೆದರಿಕೆ."

ತಿತಿವ್ ನನ್ನ ಕಡೆ ನೋಡಿದ. ನಾನು ಏನಾದರೂ ಹೇಳಲಿ ಅಂತ. ನಾನು ಎದ್ದು, ಎರಡು ಕಡೆಯವರ ಮಾತೂ ಯೋಚಿಸಬೇಕಾದ್ದೇ, ಕುಯಿಲು ಮುಗಿಯಲಿ, ಆಮೇಲೆ ನೋಡೋಣ ಅಂದೆ. ಯಾರಿಗೂ ನೋವಾಗದ ಹಾಗೆ ಹೇಳಿದೆ ಅನ್ನಿಸುತ್ತದೆ. ಬಾಬ್ ತಲೆದೂಗಿದರು.

ಮನೆಗೆ ಬರುವಾಗ ಕ್ರಿಸ್ತಾಲಿನ್ ತಿತಿವ್ ಜೊತೆ ಮುಂದೆ ನಡೆದಳು.

ಸೆಪ್ಟೆಂಬರ್ 8, ಗುರುವಾರ

ಮೇರಿ ಮಾತೆಯ ಹುಟ್ಟುಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಎರಚಿದರು. ಹೊಸ ತೆನೆ ಪೂಜೆಗೆ ಹೋಯಿತು. ಕೆಂಪಾದ ತುಂಡು ಬಿಟ್ಟರೆ ಉಳಿದದ್ದು ಹಾಲು ತುಂಬಿ ಬಾಗಿದೆ, ಇನ್ನು ಎರಡು ವಾರ ನಿಂತರೆ ಕುಯಿಲು.

ಊಟಕ್ಕೆ ತಿತಿವ್ ಬಂದಿದ್ದ. ಕ್ರಿಸ್ತಾಲಿನ್ ಹೊಸ ತೆನೆಯ ನಾಲ್ಕು ಕಾಳು ಹಾಕಿದ ಪಾಯಸ, ಹಂದಿಮಾಂಸ ಮಾಡಿದ್ದಳು. ಎರಡು ಲೋಟ ಫೆನ್ನಿ ಒಳಗೆ ಹೋದ ಮೇಲೆ ತಿತಿವ್ ಕೇಳಿದ, ಗದರದೆ:

"ಪುತಾ, ಈ ಭಾನುವಾರದ ಅಮಾವಾಸ್ಯೆ ಇದೆಯಲ್ಲ, ವರ್ಷದ ದೊಡ್ಡ ಭರತ. ಅದೊಂದು ದಿನ ನೀನಿರು. ಮುಂದೆ ನಾನು ಕೇಳಲ್ಲ."

ಭಾನುವಾರ ಫೆರಿಯಾಚೆ ಬ್ಯಾಂಡುಗಳ ಪಂದ್ಯ. ತೆಲೆಸ್ಫೊರ್ ಬಾಬ್ ಏರ್ಪಡಿಸಿದ್ದು. ಎಲ್ಲೆಲ್ಲಿಂದಲೋ ಬ್ಯಾಂಡುಗಳು ಬರುತ್ತವೆ. ನಮಗೆ ಬೆಂಬಲಕ್ಕೆ ಅಂತ ಊರಿನ ಗಂಡಸರಿಗೆಲ್ಲ ಬಸ್ಸು ಪುಕ್ಕಟೆ, ಊಟ ಪುಕ್ಕಟೆ. ಇದನ್ನು ಬಿಟ್ಟರೆ ನಾನು ಇಷ್ಟು ವರ್ಷ ಯಾಕೆ ಬಾರಿಸಿದೆ?

"ಭರತಕ್ಕೆ ಮೊದಲೇ ಬಂದುಬಿಡ್ತೀನಿ. ನಮ್ಮದು ಮೊದಲನೇ ಸರದಿ" ಅಂದೆ.

"ಬರ್ತೀಯಲ್ಲ?"

"ಬರ್ತೀನಿ ಅಂದೆನಲ್ಲ."

ಸರದಿ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ. ಮೊದಲನೆಯದೇ ಕೊಡಿಸಿ ಅಂತ ಬಾಬ್‌ರನ್ನು ಕೇಳಿಕೊಂಡರಾಯಿತು.

ಸೆಪ್ಟೆಂಬರ್ 12, ಸೋಮವಾರ

ಒಡ್ಡು ಹೋಗಿದೆ. ತಿತಿವ್ ಹೋಗಿದ್ದಾನೆ.

ನಾವು ಗೆದ್ದಿದ್ದೆವು. ಸರದಿ ಕೊನೆಯದು ಬಂತು. ಬೆಳಿಗ್ಗೆ ಬಸ್ಸಿನಲ್ಲಿ ಹಾಡಿಕೊಂಡು ಬಂದೆವು. ಏರು ಹತ್ತಿ ಬಸ್ಸು ತಿರುಗಿದಾಗ ಎಲ್ಲರೂ ಕಿಟಕಿಗೆ ಮುಖ ಒತ್ತಿದರು. ಗದ್ದೆ ಇದ್ದಲ್ಲೆಲ್ಲ ನೀರು.

ಸೆಪ್ಟೆಂಬರ್ 13, ಮಂಗಳವಾರ

ಕ್ರಿಸ್ತಾಲಿನ್ ಹೇಳಿದ್ದು ಹೀಗೆ. ನಾನು ಬರಲಿಲ್ಲವೆಂದು ತಿತಿವ್ ಜೊತೆಗೆ ಅವಳೇ ಲಾಟೀನು ಹಿಡಿದು ಹೋದಳಂತೆ. ತೂಬಿನ ಬಾಗಿಲಿಗೆ ಮತ್ತೆ ಬೆಣೆ. ಒಂದಲ್ಲ, ಎರಡು ಕಡೆ. ತೂಬಿನ ಪಕ್ಕದ ಒಡ್ಡಿನ ಮಣ್ಣು ಯಾರೋ ಹಾರೆಯಿಂದ ಕೆದರಿದ ಹಾಗಿತ್ತಂತೆ. ತಿತಿವ್ ಅವಳನ್ನು ಊರಿಗೆ ಓಡಿಸಿದ, ಜನ ಕರೆದುಕೊಂಡು ಬಾ ಅಂತ. ಪ್ರುದೆಂತ್‌ನ ಮನೆ, ವೆನಾಂಸ್‌ನ ಮನೆ, ಎಲ್ಲಾ ಬಾಗಿಲು ಬಡಿದಳಂತೆ. ಹೆಂಗಸರು, ಮುದುಕರು ಎದ್ದು ಬಂದರು, ಗಟ್ಟಿ ಗಂಡಸು ಒಬ್ಬನೂ ಇರಲಿಲ್ಲ. ಅವರು ಬುಟ್ಟಿ ಹಿಡಿದು ಬರುವಷ್ಟರಲ್ಲಿ ತಿತಿವ್ ಒಂದು ಬೆಣೆ ಕಿತ್ತು ದಡಕ್ಕೆ ಎಸೆದು, ಎರಡನೆಯದಕ್ಕೆ ಮುಳುಗಿದ್ದ. ಆಗ ಪಕ್ಕದ ಒಡ್ಡು ಕುಸಿಯಿತು.

ಹೇಳುವಾಗ ಅವಳು ಅಳಲಿಲ್ಲ. ಕೈಯಲ್ಲೆಲ್ಲ ಗಾಯ.

"ನನ್ನ ಹೆಸರು ಕೂಗಿದ್ನಾ?" ಅಂತ ಕೇಳಿದೆ. ಯಾಕೆ ಕೇಳಿದೆನೋ.

"ಇಲ್ಲ. ಯಾರ ಹೆಸರೂ ಕೂಗಲಿಲ್ಲ. ಕೂಗಿದ್ರೆ ಯಾರಿಗೆ ಕೇಳ್ತಿತ್ತು?"

ಸೆಪ್ಟೆಂಬರ್ 14, ಬುಧವಾರ

ಮಣ್ಣು ಮಾಡಿದೆವು. ಶವಯಾತ್ರೆಗೆ ನಮ್ಮದೇ ಬ್ಯಾಂಡು. ನಾನು ಡ್ರಮ್ಮಿಗೆ ಕಪ್ಪು ಬಟ್ಟೆ ಹೊದಿಸಿ ಬಾರಿಸಿದೆ. ಸಾವಿನ ನಡಿಗೆಗೆ ಹೊಡೆತ ನಿಧಾನ, ಒಂದೊಂದರ ನಡುವೆ ಬಹಳ ಹೊತ್ತು ಕಾಯಬೇಕು. ಕಾಯುವಾಗ ಪೆಟ್ಟಿಗೆ ಹೊತ್ತವರ ಚಪ್ಪಲಿಯ ಸದ್ದು ಮಾತ್ರ. ತುತ್ತೂರಿ ಊದುವಾಗ ವೆನಾಂಸ್ ಅಳುತ್ತಿದ್ದ, ಸ್ವರ ಒಡೆದುಹೋಯಿತು. ನಾನು ತಾಳ ತಪ್ಪಲಿಲ್ಲ.

ತೆಲೆಸ್ಫೊರ್ ಬಾಬ್ ಕಪ್ಪು ಕೋಟು ಹಾಕಿ ಬಂದಿದ್ದರು. ದೊಡ್ಡ ಹೂಚಕ್ರ ತಂದಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಬೆಚ್ಚಗಿತ್ತು, ನಿಜ ಹೇಳಬೇಕೆಂದರೆ ಅಷ್ಟು ಹೊತ್ತು ನನ್ನನ್ನು ಮುಟ್ಟಿದವರು ಇನ್ಯಾರೂ ಇರಲಿಲ್ಲ.

ಪೊಲೀಸರು ಸಂಜೆ ಬಂದರು. ಕ್ರಿಸ್ತಾಲಿನ್ ಬೆಣೆಯ ಮಾತು ಹೇಳಿದಳು. ತಿತಿವ್ ದಡಕ್ಕೆ ಎಸೆದದ್ದು ಎಲ್ಲಿ ಹೋಯಿತೋ, ಸಿಕ್ಕಿಲ್ಲ.

"ತೂಬಿಗೆ ಮರದ ತುಂಡು ಸಿಕ್ಕಿಕೊಳ್ಳೋದು ಉಂಟಾ?" ಅಂತ ಪೊಲೀಸು ನನ್ನನ್ನು ಕೇಳಿದ.

"ಮಳೆಗಾಲದಲ್ಲಿ ಉಂಟು" ಅಂದೆ. ಉಂಟೇ ಉಂಟು. ಸುಳ್ಳಲ್ಲ.

ಅವನು ಬರೆದುಕೊಂಡ. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು, ಆಮೇಲೆ ಒಳಗೆ ಹೋದಳು.

ಸೆಪ್ಟೆಂಬರ್ 19, ಸೋಮವಾರ

ಭರತದ ಜೋರು ಇಳಿದಿದೆ. ಕ್ರಿಸ್ತಾಲಿನ್ ಬೆಳಿಗ್ಗೆ ಎದ್ದು ಬುಟ್ಟಿ ತೆಗೆದುಕೊಂಡು ಹೋಗುತ್ತಾಳೆ. ಅವಳ ಜೊತೆ ಪ್ರುದೆಂತ್‌ನ ತಾಯಿ, ವೆನಾಂಸ್‌ನ ಹೆಂಡತಿ, ಇನ್ನೂ ಒಂದಷ್ಟು ಹೆಂಗಸರು. ಬಿದಿರು ನೆಟ್ಟು, ಹುಲ್ಲು ಕಟ್ಟಿ, ಜೇಡಿ ತುಂಬುತ್ತಿದ್ದಾರೆ. ಈ ಮಳೆಗಾಲ ಮುಗಿಯುವುದರೊಳಗೆ ಒಡ್ಡು ಮುಚ್ಚಿದರೆ ಉಳಿದ ಮಳೆಗೆ ಉಪ್ಪು ತೊಳೆದೀತು, ಮುಂದಿನ ವರ್ಷಕ್ಕಾದರೂ ಬಿತ್ತಬಹುದು ಅಂತ ಅವರ ಲೆಕ್ಕ.

ಒಂದು ದಿನ ನಾನೂ ಹೋಗಿ ಬುಟ್ಟಿಗೆ ಕೈ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ಮಾಡುತ್ತಿದ್ದ ಕೆಲಸ ಮಾಡುತ್ತಲೇ ಇದ್ದರು. ಮಧ್ಯಾಹ್ನ ಅಭ್ಯಾಸ ಇತ್ತು, ಬಂದೆ.

ಸೆಪ್ಟೆಂಬರ್ 22, ಗುರುವಾರ

ಗಂಡಸರಲ್ಲಿ ಬಹುಮಂದಿ ಗೇಣಿ ಕಾಗದಕ್ಕೆ ಸಹಿ ಹಾಕಿದರು. ನೀರಿನಡಿಯ ಗದ್ದೆ ಇಟ್ಟುಕೊಂಡು ಏನು ಮಾಡುವುದು? ನಮ್ಮ ಗದ್ದೆ ಮಾಯಿಯ, ನನ್ನ ಅಮ್ಮನ, ಹೆಸರಿನಲ್ಲಿದೆ. ಮಾಯಿ ಹೆಬ್ಬೆಟ್ಟು ಒತ್ತುವಾಗ "ರೊಮಾಲ್ದ್ ಏನಂದ?" ಅಂತ ಕೇಳಿದಳು. ಅವಳಿಗೆ ಈಚೆಗೆ ಮರೆವು. ಸರಿ ಅಂದ ಮಾಯಿ, ಅಂದೆ.

ತೆಲೆಸ್ಫೊರ್ ಬಾಬ್ ಈಗ ನಮಗೆಲ್ಲ ಪಾತ್ರಾಂವ್, ಒಡೆಯರು. ನನ್ನನ್ನು ಬೇರೆ ಕರೆದು ತೂಬಿಗೆ ಕೂರಿಸಿದ ಹೊಸ ಎತ್ತುಬಾಗಿಲಿನ ಬೀಗದ ಕೈ ಕೊಟ್ಟರು.

"ನಿಮ್ಮ ಮನೆತನದ ಕೆಲಸ ಇಸಿದೋರ್. ಹೊರಗಿನವನಿಗೆ ಕೊಡೋಕೆ ನನಗೆ ಮನಸ್ಸಿಲ್ಲ. ಭರತಕ್ಕೆ ತೆಗೆಯೋದು, ಇಳಿತಕ್ಕೆ ಬಲೆ ಬಿಟ್ಟು ಮುಚ್ಚೋದು. ಉಳಿದ ಹೊತ್ತೆಲ್ಲ ನೀನುಂಟು, ನಿನ್ನ ಡ್ರಮ್ಮುಂಟು."

ಯೋಚಿಸಿ ನೋಡಿದೆ. ನಾನು ಬೇಡ ಅಂದರೆ ಬೇರೆ ಯಾರೋ ತೆಗೆದುಕೊಳ್ಳುತ್ತಾರೆ. ನಮ್ಮವನೊಬ್ಬ ಇದ್ದರೆ ಊರಿಗೂ ಒಳ್ಳೆಯದೇ. ಗುದ್ದಲಿ ಇಲ್ಲ, ಕಳೆ ಇಲ್ಲ. ಅಂಗೈಯ ಒರಟು ಆಗಲೇ ಸುಲಿದು ಹೋಗುತ್ತಿದೆ, ಕೋಲು ಹಿಡಿದರೆ ಕೈಯೊಳಗೇ ಹುಟ್ಟಿದ ಹಾಗಿರುತ್ತದೆ. ಇಷ್ಟು ವರ್ಷ ಎರಡು ಕಡೆ ಎಳೆದಾಡಿ ಸತ್ತದ್ದು ಮುಗಿಯಿತು.

ಕ್ರಿಸ್ತಾಲಿನ್‌ಗೆ ಇನ್ನೂ ಹೇಳಿಲ್ಲ. ದಣಿದು ಬರುತ್ತಾಳೆ.

ಸೆಪ್ಟೆಂಬರ್ 25, ಭಾನುವಾರ

ಹುಣ್ಣಿಮೆ. ಭರತ ಮಧ್ಯಾಹ್ನಕ್ಕೆ. ಪಾತ್ರಾಂವ್‌ರ ಆಳು ಬೆಳಿಗ್ಗೆಯೇ ಬಂದು, ಇವತ್ತಿನಿಂದ ನೀರು ಬಿಡಬೇಕು ಅಂದ.

ಹೋದಾಗ ಹೆಂಗಸರು ಇನ್ನೂ ಕೆಲಸದಲ್ಲಿದ್ದರು. ಒಡ್ಡು ಮುಕ್ಕಾಲು ಮೇಲೆದ್ದಿತ್ತು. ಚೆನ್ನಾಗಿಯೇ ಕಟ್ಟಿದ್ದರು, ಬಿದಿರಿನ ಹೆಣಿಗೆ ಒಳ್ಳೆಯ ಬಿಗಿ. ಆದರೆ ಹಸಿ ಮಣ್ಣು. ಒಳಗೂ ನೀರು, ಹೊರಗೂ ನೀರು ಆದರೆ ನಿಲ್ಲುವ ಹಾಗಿರಲಿಲ್ಲ.

ಕ್ರಿಸ್ತಾಲಿನ್ ನನ್ನ ಸೊಂಟದಲ್ಲಿ ಬೀಗದ ಕೈ ನೋಡಿದಳು.

"ಅದು ಯಾರದ್ದು ಇಸ್ದೂ?"

"ನನ್ನದೇ. ಕೆಲಸ ಸಿಕ್ತು."

"ತಿತಿವ್ ಕೆಲಸವಾ?"

"ಹೂಂ."

"ಹಾಗಾದ್ರೆ ತಿತಿವ್ ಮಾಡಿದ ಹಾಗೇ ಮಾಡು. ಮುಚ್ಚಿಡು. ಇವತ್ತೊಂದು ದಿನ ತಡೆದ್ರೆ ಮಣ್ಣು ಕಚ್ಕೊಳ್ಳುತ್ತೆ."

"ಅವರು ಹೇಳಿದ್ದಾರೆ ಕ್ರಿಸ್ತಾಲಿನ್. ನಾನು ತೆಗೀದಿದ್ರೆ ಇನ್ನೊಬ್ಬ ತೆಗೀತಾನೆ."

"ಆ ಇನ್ನೊಬ್ಬ ತೆಗೀಲಿ. ನೀನು ಈ ಕಡೆ ಬಾ."

ಕೈ ಚಾಚಿದಳು. ಮೊಣಕೈವರೆಗೆ ಜೇಡಿ. ನಾನು ಒಡ್ಡಿನ ಮೇಲೆ, ಅವಳು ಕೆಳಗೆ, ನಡುವೆ ಇಳಿದು ಹೋಗುವಷ್ಟೇ ದೂರ. ಭರತ ಏರುತ್ತಿತ್ತು, ಹೊತ್ತು ಮೀರಿದರೆ ನೀರಿನ ಒತ್ತಡಕ್ಕೆ ಬಾಗಿಲು ಎತ್ತಲು ಬರುವುದಿಲ್ಲ. ಸುರಕ್ಷತೆಗೆ ಅಂತ, ಎಲ್ಲರೂ ಮೇಲೆ ಬನ್ನಿ ಅಂದೆ.

ಪ್ರುದೆಂತ್‌ನ ತಾಯಿ ನೆಲಕ್ಕೆ ಉಗಿದಳು. ಒಬ್ಬೊಬ್ಬರಾಗಿ ಹತ್ತಿ ಬಂದರು, ನನ್ನನ್ನು ದಾಟಿ ಹೋದರು. ಕೊನೆಗೆ ಹತ್ತಿದವಳು ಕ್ರಿಸ್ತಾಲಿನ್. ತಲೆಯ ಮೇಲೆ ತುಂಬಿದ ಬುಟ್ಟಿ ಹಾಗೇ ಇತ್ತು. ಅದನ್ನು ಇಳಿಸಿ, ಒಡ್ಡಿನ ಮೇಲೆ ಒಂದು ತಗ್ಗು ನೋಡಿ ಅಲ್ಲಿ ಸುರುವಿ, ಎರಡು ಕಾಲಿನಿಂದಲೂ ಚೆನ್ನಾಗಿ ತುಳಿದಳು. ಆಮೇಲೆ ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ನಮ್ಮ ಮನೆಯ ಕಡೆಗಲ್ಲ, ತಿತಿವ್‌ನ ಗುಡಿಸಲ ಕಡೆಗೆ. ಹೆಂಗಸರೂ ಅವಳ ಹಿಂದೆ ಹೋದರು.

ಬಾಗಿಲು ಎತ್ತಿದೆ. ಎಣ್ಣೆ ಹಾಕಿದ್ದರು, ಸಲೀಸಾಗಿ ಬಂತು. ಅವರ ಗೋಡೆ ಸ್ವಲ್ಪ ಹೊತ್ತು ನಿಂತಿತು, ಅಷ್ಟು ಹೊತ್ತು ನಿಲ್ಲುತ್ತದೆ ಅಂದುಕೊಂಡಿರಲಿಲ್ಲ. ಆಮೇಲೆ ನಡುವಿನಿಂದ ಕರಗಿತು. ಬಿದಿರು ಮೇಲೆದ್ದು ತೇಲಿದವು. ಇಳಿತ ಶುರುವಾಗುವವರೆಗೆ ನಿಂತಿದ್ದು ಬಲೆ ಬಿಟ್ಟು ಬಾಗಿಲು ಇಳಿಸಿದೆ. ಮೊದಲನೇ ದಿನಕ್ಕೆ ಸಿಗಡಿ ಚೆನ್ನಾಗಿಯೇ ಬಿತ್ತು.

ಮನೆಯಲ್ಲಿ ಒಲೆ ಹತ್ತಿಲ್ಲ. ಮಾಯಿಗೆ ಪಾಂವ್ ಚಹಾದಲ್ಲಿ ಅದ್ದಿ ಕೊಟ್ಟೆ. "ಕ್ರಿಸ್ತಾಲಿನ್ ಎಲ್ಲಿ?" ಅಂತ ಕೇಳಿದಳು. ಗದ್ದೆಗೆ ಹೋಗಿದ್ದಾಳೆ ಅಂದೆ. "ಯಾವ ಗದ್ದೆ?" ಅಂದಳು.

ಸಂಜೆ ಬ್ಯಾಂಡಿಗೆ ಪಾತ್ರಾಂವ್‌ರ ಗಾಡಿ ಬರುತ್ತದೆ. ಡ್ರಮ್ಮು ಕಟ್ಟಬೇಕು.